ಸೊಟ್ಟಗಿದ್ದರೆ ಸೊಟ್ಟಗೇ

ನಮ್ಮಕ್ಕನ ಮಗ ಎರಡು ವಾರ ತಾರಸಿಯ ಮೇಲೆ ಕೂತು ಒಂದು ಹೆಲ್ಮೆಟ್ ಮಾಡಿದ. ‘ಸ್ಟಾರ್ ವಾರ್ಸ್’ ಸಿನಿಮಾದ ಬಿಳಿ ಸೈನಿಕ, ಸ್ಟಾರ್ಮ್‌ಟ್ರೂಪರ್ ಎನ್ನುತ್ತಾರಲ್ಲ, ಅವನದು. ಜಿಮ್ಮಿನ ನೆಲಕ್ಕೆ ಹಾಸುವ ಜಾತಿಯ ಇವಿಎ ಫೋಮ್ ಹಾಳೆ ತಂದು, ಕಾಗದದ ಮಾದರಿಯನ್ನು ಅದರ ಮೇಲಿಟ್ಟು ಗೆರೆ ಎಳೆದು, ಕಟ್ಟರಿನಲ್ಲಿ ಕತ್ತರಿಸಿ, ಹೀಟ್ ಗನ್ ಹಿಡಿದು ಬಾಗಿಸಿ, ಚಪ್ಪಲಿ ಅಂಟಿಸುವ ಸೊಲ್ಯೂಷನ್ ಬಳಿದು ಜೋಡಿಸಿದ. ಮೂರನೇ ಭಾನುವಾರ ನಾನು ಹೋದಾಗ ಅದಕ್ಕೆ ಒಂದು ರೂಪ ಬಂದಿತ್ತು. ಅವನು ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ.

“ತಪ್ಪಾಯ್ತು ಮಾಮ.”

“ಏನಾಗಿದೆಯೋ? ಚೆನ್ನಾಗೇ ಇದೆಯಲ್ಲ.”

“ಎರಡು ಕೆನ್ನೇನೂ ಒಂದೇ ಸಮ ಬಂದ್ಬಿಟ್ಟಿದೆ.”

ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಫೋನಿನಲ್ಲಿ ತೋರಿಸಿದ. 1977ರ ಮೊದಲ ಸಿನಿಮಾಕ್ಕೆಂದು ಮಾಡಿದ ಹೆಲ್ಮೆಟ್ಟುಗಳ ಹತ್ತಿರದ ಫೋಟೋಗಳು. ನಿಜವಾಗಿಯೂ ಆ ಮುಖ ಸೊಟ್ಟ. ಜೇಡಿಮಣ್ಣಿನಲ್ಲಿ ಕೈಯಿಂದ ತಿದ್ದಿದ ಮೂಲ ಅಚ್ಚು ಎರಡೂ ಕಡೆ ಒಂದೇ ಸಮ ಇರಲಿಲ್ಲ. ಅದರ ಮೇಲೆ ಎಳೆದ ಪ್ಲಾಸ್ಟಿಕ್ಕೂ ಹಾಗೆಯೇ ಬಂತು. ಪರದೆಯ ಮೇಲೆ ಯಾರಿಗೂ ಕಾಣದ ಆ ಸೊಟ್ಟನ್ನು ನಲವತ್ತೇಳೆಂಟು ವರ್ಷಗಳ ನಂತರ ಬೆಂಗಳೂರಿನ ಒಂದು ತಾರಸಿಯ ಮೇಲೆ ಈ ಹುಡುಗ ಗುರುತಿಸಿ, ಮುಂದಿನ ವಾರ ಒಂದು ಕೆನ್ನೆಯನ್ನು ಕಿತ್ತು, ಅರ್ಧ ಬೆರಳಿನಷ್ಟು ಕೆಳಗಿಳಿಸಿ ಅಂಟಿಸಿದ. ಸೊಲ್ಯೂಷನ್ ಹಿಡಿದ ಫೋಮನ್ನು ಕಿತ್ತರೆ ಅದು ಹರಿದೇ ಹೋಗುತ್ತದೆ. ಹಾಗಾಗಿ ಆ ಕೆನ್ನೆಯನ್ನು ಹೊಸದಾಗಿಯೇ ಮಾಡಬೇಕಾಯಿತು. ನಮ್ಮಕ್ಕ ಬಟ್ಟೆ ಒಣಗಿಸುತ್ತಾ, “ಇಷ್ಟು ಶ್ರದ್ಧೆ ಆಫೀಸಲ್ಲಿ ತೋರಿಸಿದ್ರೆ ಇಷ್ಟೊತ್ತಿಗೆ ಪ್ರಮೋಷನ್ ಸಿಗ್ತಿತ್ತು” ಅಂದಳು.

ಇಂಥ ಕವಚ ಮಾಡಿ ತೊಡುವವರ ಮೇಲೆ ಮೂರು ಆಕ್ಷೇಪಗಳಿವೆ. ದೊಡ್ಡವರಾದ ಮೇಲೆ ಇದೆಂಥ ಮಕ್ಕಳಾಟ ಎಂಬುದು ಮೊದಲನೆಯದು. ದುಡ್ಡು ದಂಡ ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಹೇಳುವ ಗರಜು ನನಗಿಲ್ಲ. ವಾರಾಂತ್ಯವನ್ನು ಕ್ರಿಕೆಟ್ ನೋಡಿ ಕಳೆಯುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಮೂರನೆಯದು ಮಾತ್ರ ಯೋಚಿಸಬೇಕಾದ ಆಕ್ಷೇಪ: ಎಷ್ಟೇ ಶ್ರಮ ಹಾಕಿದರೂ ಇದು ನಕಲು ತಾನೆ? ಬೇರೆ ಯಾರೋ ಕಲ್ಪಿಸಿದ್ದು, ಬೇರೆ ಯಾರದೋ ಸ್ವತ್ತು. ಇದರಲ್ಲಿ ಇವನದೇನು?

ಈ ಪ್ರಶ್ನೆಗೆ ನಾನೂ ಮೊದಲು ಸುಲಭದ ಉತ್ತರ ಹೇಳುತ್ತಿದ್ದೆ. ನಕಲು ಮಾಡುತ್ತಾ ಮಾಡುತ್ತಾ ಕೈ ಪಳಗುತ್ತದೆ, ಆಮೇಲೆ ಸ್ವಂತದ್ದು ಹುಟ್ಟುತ್ತದೆ ಎಂದು. ಈಗ ಆ ಉತ್ತರ ನನಗೆ ಸಾಲದು ಅನಿಸುತ್ತದೆ. ಅದು ನಕಲನ್ನು ಕ್ಷಮಿಸುವ ಉತ್ತರ. ಕ್ಷಮೆಯ ಅಗತ್ಯವೇ ಇಲ್ಲ ಎಂಬುದು ನನ್ನ ವಾದ. ಈ ಕವಚದ ವಿಷಯದಲ್ಲಂತೂ ಮೂಲಕ್ಕಿಂತ ನಕಲೇ ಹೆಚ್ಚು ಶ್ರದ್ಧೆಯ ಕೆಲಸ.

ಮೂಲ ಹೇಗೆ ತಯಾರಾಯಿತು ಎಂದು ನೋಡಿದರೆ ಇದು ತಿಳಿಯುತ್ತದೆ. ಚಿತ್ರಕಾರ ರಾಲ್ಫ್ ಮೆಕ್ವಾರಿ ಬರೆದ ಬಣ್ಣದ ಚಿತ್ರಗಳು ಮೊದಲಿದ್ದವು. ವಸ್ತ್ರವಿನ್ಯಾಸ ಜಾನ್ ಮೊಲೊ ಅವರದು. ಸೈನಿಕ ಸಮವಸ್ತ್ರಗಳ ಇತಿಹಾಸ ಬಲ್ಲವರು, ಈ ಸಿನಿಮಾಕ್ಕೆ ಆಸ್ಕರ್ ಪಡೆದವರು. ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಬ್ರಯಾನ್ ಮ್ಯೂರ್ ಎಂಬ ಶಿಲ್ಪಿ ದೇಹದ ಕವಚವನ್ನು ಜೇಡಿಮಣ್ಣಿನಲ್ಲಿ ತಿದ್ದಿದರು. ಹೆಲ್ಮೆಟ್ಟಿಗೆ ಆಂಡ್ರ್ಯೂ ಏನ್ಸ್‌ವರ್ತ್ ಎಂಬ ಪ್ಲಾಸ್ಟಿಕ್ ಕೆಲಸಗಾರ ವ್ಯಾಕ್ಯೂಮ್ ಫಾರ್ಮಿಂಗ್ ಎಂಬ ವಿಧಾನ ಬಳಸಿದರು. ಹೆಸರು ದೊಡ್ಡದು, ಕೆಲಸ ಸರಳ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡಿ ಅಚ್ಚಿನ ಮೇಲೆ ಹಾಸುತ್ತಾರೆ, ಕೆಳಗಿನಿಂದ ಗಾಳಿ ಎಳೆದುಬಿಡುತ್ತಾರೆ. ಹಾಳೆ ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ಸಿಹಿ ಅಂಗಡಿಯ ಗುಳಿಗುಳಿ ಪ್ಲಾಸ್ಟಿಕ್ ತಟ್ಟೆಗಳು ತಯಾರಾಗುವುದೂ ಹೀಗೆಯೇ. ಮೊದಲಿಗೆ ಹೀಗೆ 50 ಹೆಲ್ಮೆಟ್ಟುಗಳಾದವು. ಕವಚ ಮೈಮೇಲೆ ನಿಲ್ಲುತ್ತಿದ್ದದ್ದು ಎಲಾಸ್ಟಿಕ್ ಪಟ್ಟಿ, ಟಿಚ್ ಬಟನ್ನುಗಳಿಂದ. ಅಲ್ಲಿಂದ 1976ರಲ್ಲಿ ಟ್ಯುನೀಸಿಯಾದ ಮರಳಿನಲ್ಲಿ ಚಿತ್ರೀಕರಣ.

ಯಾರಿಗೂ ಇದು ಉಳಿಯುವ ವಸ್ತು ಎಂಬ ಕಲ್ಪನೆ ಇರಲಿಲ್ಲ. ಕೆಲವು ವಾರ ಕ್ಯಾಮೆರಾ ಮುಂದೆ ಓಡಾಡಿ ಮೂಲೆ ಸೇರುವ ಸಾಮಾನು ಅದು. ಬಿಳಿ ಬಣ್ಣ ಚಕ್ಕೆ ಏಳುತ್ತಿತ್ತು, ಕೆನ್ನೆಯ ಕೆಳಗಿನ ಕೊಳವೆಯ ಮೇಲಿನ ಗೀರುಗಳನ್ನು ಬ್ರಷ್ಷಿನಲ್ಲಿ ಕೈಯಿಂದಲೇ ಎಳೆದಿದ್ದರು; ಒಂದರಂತೆ ಇನ್ನೊಂದಿಲ್ಲ. ತೊಟ್ಟವನಿಗೆ ಎದುರಿನದು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಸಿನಿಮಾದ ಒಂದು ದೃಶ್ಯದಲ್ಲಿ ಬಾಗಿಲಿನಿಂದ ಒಳಬರುವ ಸೈನಿಕನೊಬ್ಬ ತಲೆಯನ್ನು ಚೌಕಟ್ಟಿಗೆ ಬಡಿದುಕೊಳ್ಳುತ್ತಾನೆ. ಆ ತುಣುಕು ಹಾಗೆಯೇ ಉಳಿದುಹೋಯಿತು. ಅಭಿಮಾನಿಗಳು ಅದನ್ನು ಕಂಡುಹಿಡಿದು ಎಷ್ಟು ಆಡಿಕೊಂಡರೆಂದರೆ, 2002ರ ಸಿನಿಮಾದಲ್ಲಿ ಜ್ಯಾಂಗೊ ಫೆಟ್ ಎಂಬ ಪಾತ್ರ ತನ್ನ ನೌಕೆಯ ಬಾಗಿಲಿಗೆ ತಲೆ ಬಡಿದುಕೊಳ್ಳುವಂತೆ ನಿರ್ದೇಶಕ ಜಾರ್ಜ್ ಲ್ಯೂಕಸ್ ಮಾಡಿದರು; 2004ರ ಡಿವಿಡಿಯಲ್ಲಿ ಹಳೆಯ ದೃಶ್ಯಕ್ಕೆ ‘ಠಣ್’ ಎಂಬ ಸದ್ದನ್ನೂ ಸೇರಿಸಿದರು. ಸೃಷ್ಟಿಕರ್ತನೇ ತನ್ನ ತಪ್ಪನ್ನು ನಕಲು ಮಾಡಿದ ಮೇಲೆ ನನ್ನ ಸೋದರಳಿಯ ಯಾವ ಲೆಕ್ಕ!

ಈ ವಸ್ತು ಏನು, ಯಾರದ್ದು ಎಂಬ ಪ್ರಶ್ನೆ ಕೊನೆಗೆ ನ್ಯಾಯಾಲಯಕ್ಕೇ ಹೋಯಿತು. ಏನ್ಸ್‌ವರ್ತ್ 2004ರಲ್ಲಿ ಹಳೆಯ ಅಚ್ಚುಗಳ ಆಧಾರದಿಂದ ಹೆಲ್ಮೆಟ್, ಕವಚಗಳನ್ನು ಮಾಡಿ ಮಾರಲು ಶುರುಮಾಡಿದರು. ಲ್ಯೂಕಸ್ ಅವರ ಕಂಪನಿ ಲ್ಯೂಕಸ್ ಫಿಲ್ಮ್ ಮೊಕದ್ದಮೆ ಹೂಡಿತು. ಅಮೆರಿಕದ ನ್ಯಾಯಾಲಯ, ಪ್ರತಿವಾದಿ ಹಾಜರಿಲ್ಲದೆಯೇ, 2006ರಲ್ಲಿ 2 ಕೋಟಿ ಡಾಲರ್ ಪರಿಹಾರ ಕೊಡುವಂತೆ ಹೇಳಿತು. ಇಂಗ್ಲೆಂಡಿನಲ್ಲಿ ಮಾತ್ರ ಪ್ರಕರಣ 2008ರ ಹೈಕೋರ್ಟ್, 2009ರ ಮೇಲ್ಮನವಿ ಎಲ್ಲ ದಾಟಿ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಅಲ್ಲಿ ನ್ಯಾಯಮೂರ್ತಿಗಳು ತಲೆಕೆಡಿಸಿಕೊಂಡ ಪ್ರಶ್ನೆ ಕೇಳಲು ತಮಾಷೆಯಾಗಿದೆ: ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್ ಶಿಲ್ಪವೋ ಅಲ್ಲವೋ? ಶಿಲ್ಪವಾದರೆ ಅದಕ್ಕೆ ಕೃತಿಸ್ವಾಮ್ಯದ ದೀರ್ಘ ರಕ್ಷಣೆ ಉಂಟು. ಬರೀ ಬಳಕೆಯ ವಸ್ತುವಾದರೆ ಇಲ್ಲ.

ಶಿಲ್ಪವಲ್ಲ ಎಂದರು. ಕಲಾಕೃತಿ ಎನ್ನುವುದಾದರೆ ಅದು ಸಿನಿಮಾ. ಹೆಲ್ಮೆಟ್ ಆ ಸಿನಿಮಾ ತಯಾರಿಸಲು ಬಳಸಿದ ಒಂದು ಉಪಕರಣ ಅಷ್ಟೆ ಎಂಬುದು ಅವರ ತರ್ಕದ ಸಾರ. ಹಾಗೆಂದು ಏನ್ಸ್‌ವರ್ತ್ ಪೂರ್ತಿ ಗೆಲ್ಲಲೂ ಇಲ್ಲ. ಹೆಲ್ಮೆಟ್ಟಿನ ಹಕ್ಕು ತನ್ನದೇ ಎಂಬ ಅವರ ವಾದವನ್ನು ಕೆಳಗಿನ ನ್ಯಾಯಾಲಯಗಳು ಮೊದಲೇ ತಳ್ಳಿಹಾಕಿದ್ದವು. ಅಮೆರಿಕದ ಕೃತಿಸ್ವಾಮ್ಯ ಉಲ್ಲಂಘನೆಯ ದೂರನ್ನು ಇಂಗ್ಲೆಂಡಿನ ನ್ಯಾಯಾಲಯದಲ್ಲೂ ಕೇಳಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ್ದರಿಂದ ಆ ದೇಶಕ್ಕೆ ಮಾರುವ ದಾರಿ ಮುಚ್ಚಿತು. ಬ್ರಿಟನ್ನಿನಲ್ಲಿ ಮಾರಲು ಅಡ್ಡಿಯಿರಲಿಲ್ಲ. (ನಮ್ಮಲ್ಲೂ ಇಂಥದ್ದೊಂದು ಗೆರೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ನಿನ ಪ್ರಕಾರ, ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಹೋಗುತ್ತದೆ.)

ತೀರ್ಪು ಕಾನೂನಿಗೆ ಸರಿಯಿರಬಹುದು. ಓದಿದಾಗ ನನಗೆ ಸಮಾಧಾನವೂ ಆಯಿತು, ಒಂದು ಕಸಿವಿಸಿಯೂ ಉಳಿಯಿತು. ಸಮಾಧಾನ ಏಕೆಂದರೆ, ನ್ಯಾಯಮೂರ್ತಿಗಳು ವಸ್ತುವನ್ನು ಅದು ಹುಟ್ಟಿದ ಕಡೆ ಇಟ್ಟು ನೋಡಿದರು: ಅದು ಅವಸರದಲ್ಲಿ ಮಾಡಿದ ಪ್ಲಾಸ್ಟಿಕ್ ಸಾಮಾನು, ನಿಜ. ಕಸಿವಿಸಿ ಏಕೆಂದರೆ, ಅವರು 1976ನ್ನು ನೋಡಿದರು, ಆಮೇಲಿನದನ್ನು ನೋಡುವ ಅಗತ್ಯ ಅವರಿಗೆ ಬರಲಿಲ್ಲ. ಆ ಸಾಮಾನನ್ನು ಶಿಲ್ಪದಂತೆ ಸುತ್ತು ಬಂದು, ಅಳೆದು, ಅದರ ಒಂದೊಂದು ಉಬ್ಬಿಗೂ ತಗ್ಗಿಗೂ ಹೆಸರಿಟ್ಟವರು ಇದ್ದಾರೆ. ಕಾನೂನಿನ ಕಣ್ಣಿಗೆ ಉಪಕರಣವಾಗಿದ್ದು ಈ ಜನರ ಕೈಯಲ್ಲಿ ಕಸುಬಾಯಿತು.

ಕಸುಬು ಎನ್ನುವ ಮಾತನ್ನು ಹಗುರವಾಗಿ ಹೇಳುತ್ತಿಲ್ಲ. 1997ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಆಲ್ಬಿನ್ ಜಾನ್ಸನ್, ಟಾಮ್ ಕ್ರೂಸ್ ಎಂಬ ಇಬ್ಬರು 501ನೇ ಲೀಜನ್ ಎಂಬ ಕೂಟ ಕಟ್ಟಿದರು. (ಈ ಟಾಮ್ ಕ್ರೂಸ್ ನೀವಂದುಕೊಂಡ ನಟ ಅಲ್ಲ.) ಜಾನ್ಸನ್ ಅದಕ್ಕೆ ಕೆಲವು ವರ್ಷ ಮೊದಲು ಕಾರು ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದರು. ಹಳೆಯ ಸಿನಿಮಾಗಳು ಮತ್ತೆ ಥಿಯೇಟರಿಗೆ ಬಂದಾಗ ಕವಚ ತೊಟ್ಟು ಒಬ್ಬರೇ ಹೋದರು, ಜನ ನಕ್ಕರು. ಎರಡನೇ ಕವಚದೊಂದಿಗೆ ಗೆಳೆಯ ಜೊತೆಯಾದಾಗ ನಗು ಬೆರಗಾಯಿತು. ಇವತ್ತು ಆ ಕೂಟದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಸೇರಬೇಕಾದರೆ 18 ತುಂಬಿರಬೇಕು, ಕವಚ ಇರಬೇಕು, ಅದು ಪರೀಕ್ಷೆಯಲ್ಲಿ ಪಾಸಾಗಬೇಕು. ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಫೋಟೋ ಕಳಿಸಿದರೆ ಒಂದೊಂದು ಭಾಗವನ್ನೂ ಲಿಖಿತ ಮಾನದಂಡದ ಜೊತೆ ಹೋಲಿಸುತ್ತಾರೆ. ಸೊಂಟದ ಪಟ್ಟಿಯ ಬಟ್ಟೆ ಯಾವುದು, ಮೊಣಕಾಲಿನ ತಟ್ಟೆ ಯಾವ ಕಾಲಿಗೆ, ಕೊಳವೆಯ ಮೇಲೆ ಎಷ್ಟು ಗೀರು. ಗೀರುಗಳಿಗೆ ಸ್ಟಿಕ್ಕರ್ ಅಂಟಿಸುವುದಕ್ಕಿಂತ ಬ್ರಷ್ ಹಿಡಿದು ಕೈಯಲ್ಲೇ ಎಳೆಯುವುದು ಮೇಲು, ಏಕೆಂದರೆ 1976ರಲ್ಲಿ ಹಾಗೆಯೇ ಎಳೆದಿದ್ದರು, ಕೈ ನಡುಗಿದ್ದರೆ ಆ ನಡುಕವೂ ಬರಲಿ ಎನ್ನುವವರಿದ್ದಾರೆ.

ಹುಚ್ಚು ಅನ್ನಿ ಬೇಕಾದರೆ. ಆದರೆ ಯಕ್ಷಗಾನದ ಚೌಕಿಯಲ್ಲಿ ಒಂದು ರಾತ್ರಿ ಕೂತು ನೋಡಿದವರಿಗೆ ಈ ಹುಚ್ಚು ಹೊಸದಲ್ಲ. ಕಿರೀಟ ಮಾಡುವವನು ಹಳೆಯ ಕಿರೀಟದ ಅಳತೆಯನ್ನೇ ಹಿಡಿಯುತ್ತಾನೆ. ಅಳತೆ ಹಿಡಿದದ್ದಕ್ಕೆ ಅವನನ್ನು ಯಾರೂ ನಕಲುಗಾರ ಎನ್ನುವುದಿಲ್ಲ, ಅಳತೆ ತಪ್ಪಿದರೆ ಬೈಯುತ್ತಾರೆ. ಭುಜಕೀರ್ತಿಯ ರೂಪ ಯಾರ ಕಲ್ಪನೆ ಎಂದು ಯಾರೂ ಕೇಳುವುದಿಲ್ಲ. ನಮ್ಮವರು ಕಾಸ್‌ಪ್ಲೇ ಎಂಬ ಈ ವೇಷ ತೊಡುವ ಹವ್ಯಾಸವನ್ನು ನೋಡಿದ ಕೂಡಲೇ ‘ಓ, ಇದು ನಮ್ಮ ಯಕ್ಷಗಾನದ ಹಾಗೆ’ ಎಂದುಬಿಡುವುದು ನನಗೆ ಹಿಡಿಸುವುದಿಲ್ಲ. ಅಲ್ಲಿ ಪ್ರಸಂಗ ಇದೆ, ಭಾಗವತರಿದ್ದಾರೆ, ವೇಷ ಕುಣಿಯುವುದಕ್ಕೆ ಇರುವುದು. ಇಲ್ಲಿ ಕಥೆ ಮುಗಿದ ಮೇಲೆ ವೇಷ ಹೊರಗೆ ಬಂದು ಸುಮ್ಮನೆ ನಿಂತಿರುತ್ತದೆ. ನನಗೆ ಮುಖ್ಯವಾಗಿ ಕಾಣುವ ವ್ಯತ್ಯಾಸ ಮಾತ್ರ ಇದು: ಕಿರೀಟಕ್ಕೆ ಹಕ್ಕುದಾರನಿಲ್ಲ, ಹೆಲ್ಮೆಟ್ಟಿಗೆ ಇದ್ದಾನೆ. ಎರಡೂ ಕಡೆ ಕೈ ಮಾಡುವ ಕೆಲಸ ಒಂದೇ. ಒಂದನ್ನು ಪರಂಪರೆ ಎನ್ನುತ್ತೇವೆ, ಇನ್ನೊಂದನ್ನು ನಕಲು ಎನ್ನುತ್ತೇವೆ. ಹೆಸರು ಬದಲಾದದ್ದು ಕೆಲಸದಿಂದಲ್ಲ, ಒಡೆತನದಿಂದ.

ಇನ್ನೂ ವಿಚಿತ್ರದ ಒಂದು ಸಂಗತಿ ಇದೆ. 2002 ಮತ್ತು 2005ರ ಸಿನಿಮಾಗಳಲ್ಲಿ ಕ್ಲೋನ್ ಟ್ರೂಪರ್ ಎಂಬ ಸೈನಿಕರ ದಂಡೇ ಬರುತ್ತದೆ. ಆ ಸಾವಿರಾರು ಕವಚಗಳಲ್ಲಿ ಒಂದನ್ನೂ ತೊಡುವುದಕ್ಕೆಂದು ಯಾರೂ ತಯಾರಿಸಿರಲಿಲ್ಲ. ಎಲ್ಲವೂ ಕಂಪ್ಯೂಟರಿನಲ್ಲಿ ಬರೆದದ್ದು. ಕಂಪ್ಯೂಟರಿನ ಸೈನಿಕನ ಮೊಣಕೈ ಮಡಿಚಿದಾಗ ಒಂದು ತಟ್ಟೆ ಇನ್ನೊಂದರೊಳಗೆ ತೂರಿಹೋದರೂ ನಡೆಯುತ್ತದೆ, ಚರ್ಮ ಚಿವುಟುವುದಿಲ್ಲ. ಅಭಿಮಾನಿಗಳು ಆ ಚಿತ್ರ ನೋಡಿ ನಿಜವಾದ ಕವಚ ಮಾಡಹೊರಟಾಗ ಕಲಾವಿದರು ಯೋಚಿಸದಿದ್ದ ಪ್ರಶ್ನೆಗಳೆಲ್ಲ ಎದುರಾದವು. ಕುತ್ತಿಗೆ ತಿರುಗಿಸಲು ಎಷ್ಟು ಸಂದು ಬಿಡಬೇಕು? ತೊಡೆಯ ತಟ್ಟೆ ಜಾರದಂತೆ ಎಲ್ಲಿಗೆ ಕಟ್ಟಬೇಕು? ಮೆಟ್ಟಿಲು ಹತ್ತುವುದು ಹೇಗೆ? ಇವಕ್ಕೆ ಉತ್ತರ ಕಂಡುಕೊಂಡವರು ಅಡುಗೆಮನೆಯ ಕಟ್ಟೆ, ಗ್ಯಾರೇಜುಗಳಲ್ಲಿ ಕೆಲಸ ಮಾಡಿದವರು. ಈಗ ಹೇಳಿ, ಇಲ್ಲಿ ಮೂಲ ಯಾವುದು, ನಕಲು ಯಾವುದು?

ಇಷ್ಟೆಲ್ಲ ಹೇಳಿದ ಮೇಲೆ ನನ್ನನ್ನೇ ಕಾಡುವ ಒಂದು ಆಕ್ಷೇಪವನ್ನು ಮುಚ್ಚಿಡಬಾರದು. ಈ ಬಿಳಿ ಕವಚ ದಬ್ಬಾಳಿಕೆಯ ಸಾಮ್ರಾಜ್ಯವೊಂದರ ಸೈನಿಕನದು. ಸ್ಟಾರ್ಮ್‌ಟ್ರೂಪರ್ ಎಂಬ ಹೆಸರೇ ಜರ್ಮನ್ ಸೇನೆಯ ಚರಿತ್ರೆಯಿಂದ ಬಂದದ್ದು. ಮುಖವಿಲ್ಲದ, ಹೆಸರಿಲ್ಲದ, ಹೇಳಿದ್ದನ್ನು ಮಾಡುವ ಸೈನಿಕ. ಕಥೆಯ ನಾಯಕನನ್ನು ಬಿಟ್ಟು ಈ ಆಳನ್ನು ಸಾವಿರಾರು ಸಭ್ಯ ಮನುಷ್ಯರು ಏಕೆ ಆರಿಸಿಕೊಳ್ಳುತ್ತಾರೆ? ‘ಕೆಟ್ಟವರು ಒಳ್ಳೆಯದು ಮಾಡುತ್ತಾರೆ’ ಎಂಬರ್ಥದ ಘೋಷಣೆ ಇಟ್ಟುಕೊಂಡು ಅವರು ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತಾರೆ, ಸಂಭಾವನೆ ತೆಗೆದುಕೊಳ್ಳದೆ ದಾನಕ್ಕೆ ಹಣ ಸೇರಿಸುತ್ತಾರೆ. ಅದು ಒಳ್ಳೆಯ ಕೆಲಸ. ಅದರಿಂದ ನನ್ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಮವಸ್ತ್ರ ತೊಟ್ಟು ಸಾಲಾಗಿ ನಡೆಯುವುದರಲ್ಲಿ ಒಂದು ಸುಖ ಇದೆ, ಅದು ಯಾವಾಗಲೂ ನಿರಪಾಯದ ಸುಖವಲ್ಲ.

ನನಗೆ ಸ್ವಲ್ಪವಾದರೂ ಉತ್ತರ ಸಿಕ್ಕಿದ್ದು ಕವಚದ ಒಳಗೆ. ಹೆಲ್ಮೆಟ್ಟಿನ ಬೆನ್ನಿಗೆ ಹುಡುಗ ಉಳಿದ ಕವಚವನ್ನೂ ಮಾಡಿ ಮುಗಿಸಿದ್ದ. ಅವನ ಒತ್ತಾಯಕ್ಕೆ ಒಂದು ಸಂಜೆ ಅರ್ಧ ಗಂಟೆ ನಾನೇ ಅದನ್ನು ತೊಟ್ಟೆ. ತೊಡಿಸುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಒಳಗೆ ಮೈಗಂಟುವ ಕಪ್ಪು ಉಡುಪು, ಅದರ ಮೇಲೆ ಎದೆ, ಬೆನ್ನು, ಹೊಟ್ಟೆ, ತೋಳು, ತೊಡೆ ಎಂದು ಬಿಡಿಬಿಡಿ ತುಂಡುಗಳು. ಒಬ್ಬನೇ ಹಾಕಿಕೊಳ್ಳಲು ಸಾಧ್ಯವೇ ಇಲ್ಲ, ಹಿಂದಿನ ಪಟ್ಟಿಗೆ ಕೈ ಎಟಕುವುದಿಲ್ಲ. ಹೆಲ್ಮೆಟ್ ಇಳಿಸಿದ ಮೇಲೆ ಪ್ರಪಂಚ ಎರಡು ಸಣ್ಣ ಕಿಟಕಿಯಷ್ಟಾಯಿತು. ನನ್ನದೇ ಪಾದ ನನಗೆ ಕಾಣದು. ಉಸಿರಿಗೆ ಗಾಜು ಮಂಜಾಯಿತು. ಹುಡುಗ ಅದಕ್ಕೆಂದೇ ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನೊಂದನ್ನು ಗಲ್ಲದ ಹತ್ತಿರ ಕೂರಿಸಿದ್ದ, ಅದು ಕಿವಿಯಲ್ಲಿ ಜೀರುಂಡೆಯಂತೆ ಗುಯ್ಯೆನ್ನುತ್ತಿತ್ತು. ಕೂರಲು ಹೋದೆ, ತೊಡೆಯ ತಟ್ಟೆ ಹೊಟ್ಟೆಗೆ ಚುಚ್ಚಿತು. ಕೆಳಗೆ ಬಿದ್ದ ಕನ್ನಡಕ ಎತ್ತಿಕೊಳ್ಳಲು ಅಕ್ಕನನ್ನು ಕರೆಯಬೇಕಾಯಿತು. ಬಾಯಾರಿಕೆಗೆ ನೀರು ಕೇಳಿದರೆ ಲೋಟದಲ್ಲಿ ಕುಡಿಯುವಂತಿಲ್ಲ. ಹೆಲ್ಮೆಟ್ಟಿನ ಕೆಳಗಿಂದ ಸ್ಟ್ರಾ ತೂರಿಸಿ, ಮಗುವಿಗೆ ಕುಡಿಸಿದ ಹಾಗೆ ಅವಳು ಕುಡಿಸಿದಳು.

ಹೊರಗಿನಿಂದ ಭಯ ಹುಟ್ಟಿಸುವ ಆ ಆಕೃತಿಯೊಳಗೆ ಇರುವವನು ಒಂದು ಪರಾವಲಂಬಿ ಜೀವ. ಕವಚ ಕೊಂಡುತಂದು ತೊಟ್ಟವನಿಗೂ ಸೆಕೆ ಗೊತ್ತಾಗುತ್ತದೆ, ಸರಿ. ಕೈಯಾರೆ ಮಾಡಿದವನಿಗೆ ಅದಕ್ಕಿಂತ ಹೆಚ್ಚಿನದು ಗೊತ್ತು. ಎದೆಯ ಆ ಉಕ್ಕಿನಂಥ ಹೊಳಪು ಫೆವಿಕಾಲ್ ಬಳಿದು ರಂಧ್ರ ಮುಚ್ಚಿದ ಫೋಮಿನದು, ಬೆರಳು ಒತ್ತಿದರೆ ಗುಳಿ ಬೀಳುತ್ತದೆ ಎಂದು ಅವನಿಗೆ ಗೊತ್ತು. ಅಧಿಕಾರದ ವೇಷವನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ನೋಡಿದವನು ಅದಕ್ಕೆ ಅಷ್ಟು ಸುಲಭವಾಗಿ ಮರುಳಾಗಲಿಕ್ಕಿಲ್ಲ ಎಂದು ನಂಬಲು ನನಗೆ ಆಸೆ. ಇದನ್ನು ಸಾಧಿಸಿ ತೋರಿಸಲಾರೆ. ಸಾಲಾಗಿ ನಡೆಯುವ ಇನ್ನೂರು ಬಿಳಿ ಕವಚಗಳನ್ನು ಕಂಡಾಗ ಈಗಲೂ ನನ್ನ ಮೈ ಸ್ವಲ್ಪ ಬಿಗಿಯುತ್ತದೆ.

ಒಡೆತನದ ಮಾತಿಗೆ ಮರಳುತ್ತೇನೆ, ಏಕೆಂದರೆ ನನ್ನ ತಕರಾರು ಇರುವುದು ಅಲ್ಲಿ. ಲ್ಯೂಕಸ್ ಫಿಲ್ಮ್ ಏನ್ಸ್‌ವರ್ತ್ ಮೇಲೆ ಬಿದ್ದಂತೆ ಈ ಅಭಿಮಾನಿಗಳ ಮೇಲೆ ಬೀಳಲಿಲ್ಲ. ಅವರನ್ನು ಹತ್ತಿರ ಕರೆಯಿತು. 2004ರಲ್ಲಿ ಟಿಮೊತಿ ಜಾನ್ ಬರೆದ ಅಧಿಕೃತ ಕಾದಂಬರಿಯಲ್ಲಿ 501 ಎಂಬ ದಳ ಕಾಣಿಸಿಕೊಂಡಿತು, ಇದು ಈ ಕೂಟಕ್ಕೆ ಸಂದ ಗೌರವ. 2007ರ ಹೊಸವರ್ಷದ ದಿನ ಕ್ಯಾಲಿಫೋರ್ನಿಯಾದ ರೋಸ್ ಪೆರೇಡಿಗೆ ಲ್ಯೂಕಸ್ ಮುಖ್ಯ ಅತಿಥಿ. ಅವರ ಜೊತೆ ಕೂಟದ ಸುಮಾರು 200 ಮಂದಿ ಸ್ವಂತ ಕವಚ ತೊಟ್ಟು ಮೈಲುಗಟ್ಟಲೆ ನಡೆದರು. 2012ರಲ್ಲಿ ಡಿಸ್ನಿ ಸುಮಾರು 405 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನು ಕೊಂಡಿತು. ಆ ಬೆಲೆಯಲ್ಲಿ, ಮೂವತ್ತೈದು ವರ್ಷ ಈ ಲೋಕವನ್ನು ಬೀದಿಬೀದಿಗಳಲ್ಲಿ ಜೀವಂತ ಇಟ್ಟವರ ಬೆವರಿನ ಪಾಲು ಎಷ್ಟು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ಆರ್‌ಟು-ಡಿಟು ಎಂಬ ಪುಟ್ಟ ಯಂತ್ರಮಾನವನನ್ನು ಮನೆಯಲ್ಲಿ ಕಟ್ಟುವವರದೇ ಒಂದು ಬಳಗವಿದೆ. 2015ರ ಸಿನಿಮಾಕ್ಕೆ ಆ ಯಂತ್ರವನ್ನು ಹೊಸದಾಗಿ ಮಾಡಬೇಕಾದಾಗ ಕಂಪನಿ ಕೆಲಸ ಕೊಟ್ಟದ್ದು ಆ ಬಳಗದ ಇಬ್ಬರು ಬ್ರಿಟಿಷ್ ಹವ್ಯಾಸಿಗಳಿಗೆ. ಆಲ್ಬಿನ್ ಜಾನ್ಸನ್ ಅವರ ಪುಟ್ಟ ಮಗಳು ಮೆದುಳಿನ ಗೆಡ್ಡೆಯಿಂದ 2005ರಲ್ಲಿ ತೀರಿಕೊಂಡಳು. ಅವಳಿಗಾಗಿ ಹವ್ಯಾಸಿಗಳು ಗುಲಾಬಿ ಬಣ್ಣದ ಯಂತ್ರಮಾನವನೊಂದನ್ನು ಕಟ್ಟಿದ್ದರು. ಅದೂ 2015ರ ಸಿನಿಮಾದಲ್ಲಿ ಕಾಣಿಸಿಕೊಂಡಿತು. 2019ರ ‘ದ ಮ್ಯಾಂಡಲೋರಿಯನ್’ ಸರಣಿಯ ಮೊದಲ ಸೀಸನ್ನಿನ ಕೊನೆಗೆ ಸ್ಟಾರ್ಮ್‌ಟ್ರೂಪರ್‌ಗಳ ದೊಡ್ಡ ಪಡೆ ಬೇಕಾಯಿತು. ತಯಾರಕರ ಬಳಿ ಅಷ್ಟು ಕವಚಗಳಿರಲಿಲ್ಲ. 501ರವರನ್ನು ಕರೆಸಿದರು. ಅವರು ಮನೆಯಲ್ಲಿ ಮಾಡಿಟ್ಟುಕೊಂಡಿದ್ದ ಕವಚ ತೊಟ್ಟು ಬಂದು ಕ್ಯಾಮೆರಾ ಮುಂದೆ ನಿಂತರು. ಉಪಕರಣ ಎಂದು ನ್ಯಾಯಾಲಯ ಕರೆದದ್ದನ್ನು ಒಡೆಯನ ಬಳಿ ಇಲ್ಲದ ಹೊತ್ತಿನಲ್ಲಿ ಒದಗಿಸಿದವರು ‘ನಕಲುಗಾರರು’.

ಇದನ್ನು ಸಿಹಿ ಕಥೆಯಾಗಿ ಹೇಳುವವರು ಬಹಳ. ಅಭಿಮಾನಿಗಳಿಗೂ ಅದು ಬದುಕಿನ ದೊಡ್ಡ ದಿನವಾಗಿದ್ದೀತು, ನಾನು ಅದನ್ನು ಕಿತ್ತುಕೊಳ್ಳಲು ಹೋಗುವುದಿಲ್ಲ. ಆದರೆ ವ್ಯವಹಾರವನ್ನು ವ್ಯವಹಾರವಾಗಿ ನೋಡೋಣ. ಹಣ ಮಾಡಿಕೊಳ್ಳದಿದ್ದರೆ ನೀವು ತೊಡಬಹುದು ಎಂಬುದು ಕಂಪನಿಯ ಉದಾರತೆ, ಹವ್ಯಾಸಿಯ ಹಕ್ಕಲ್ಲ. ಉದಾರತೆ ಆಡಳಿತ ಮಂಡಳಿ ಬದಲಾದರೆ ಬದಲಾಗುತ್ತದೆ. ಮನೆಯಲ್ಲಿ, ಸ್ವಂತಕ್ಕೆ, ಕೈಯಾರೆ ಮಾಡಿದ ವೇಷವನ್ನು ಕೃತಿಸ್ವಾಮ್ಯದ ಹಿಡಿತದಿಂದ ಸ್ಪಷ್ಟವಾಗಿ ಹೊರಗಿಡುವ ಒಂದು ಸಾಲು ಕಾನೂನಿನಲ್ಲಿ ಇರಬೇಕು. ಕವಚವನ್ನು ಕ್ಯಾಮೆರಾ ಮುಂದೆ ತಂದವನ ಹೆಸರು ಸಿನಿಮಾದ ಕೊನೆಯಲ್ಲಿ, ಅವನ ಕೂಲಿ ಅವನ ಕೈಯಲ್ಲಿ. ಅತಿಯಾಸೆಯ ಬೇಡಿಕೆ ಇದಲ್ಲ.

ಹೆಸರಿನ ವಿಷಯದಲ್ಲಿ ಈ ಹವ್ಯಾಸದ ಚರಿತ್ರೆಯೇ ಅಷ್ಟು ಸ್ವಚ್ಛವಿಲ್ಲ. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ ಫಾರೆಸ್ಟ್ ಆಕರ್‌ಮನ್ ಎಂಬ ಯುವಕ ಭವಿಷ್ಯದ ಮನುಷ್ಯನ ಉಡುಪು ತೊಟ್ಟು ಬಂದ, ಕಾಸ್‌ಪ್ಲೇಯ ಆದಿಪುರುಷ ಎನಿಸಿಕೊಂಡ. ಆ ಉಡುಪನ್ನು ಹೊಲಿದವಳು ಅವನ ಜೊತೆ ತಾನೂ ವೇಷ ತೊಟ್ಟು ಬಂದಿದ್ದ ಮರ್ಟಲ್ ಡಗ್ಲಾಸ್. ಮೊರೊಜೊ ಎಂಬುದು ಆಕೆಯ ಅಡ್ಡಹೆಸರು. ಬಹಳ ಕಾಲ ಜನ ನೆನಪಿಟ್ಟುಕೊಂಡದ್ದು ತೊಟ್ಟವನನ್ನು. ಮಾಡಿದವಳನ್ನಲ್ಲ.

ಈಗ ತ್ರೀಡಿ ಪ್ರಿಂಟರ್ ಬಂದಿದೆಯಲ್ಲ, ಇನ್ನು ಕೈಗೇನು ಕೆಲಸ ಎನ್ನುತ್ತಾರೆ. ಒಂದು ಹೆಲ್ಮೆಟ್ ಪ್ರಿಂಟಾಗಲು ಒಂದು ದಿನಕ್ಕೂ ಮೇಲೆ ಹಿಡಿಯಬಹುದು. ಹೊರಬಂದದ್ದು ಪದರಪದರವಾಗಿ ಗೆರೆ ಎದ್ದ ಒರಟು ಬುರುಡೆ. ಅದಕ್ಕೆ ಕಾರಿನ ಗ್ಯಾರೇಜಿನವರು ಬಳಸುವ ಪುಟ್ಟಿ ಮೆತ್ತಿ, ಉಪ್ಪುಕಾಗದ ಹಿಡಿದು ಉಜ್ಜಿ, ಪ್ರೈಮರ್ ಹೊಡೆದು ಮತ್ತೆ ಉಜ್ಜುವವರು ಮನುಷ್ಯರೇ. ಯಂತ್ರದಿಂದ ಕೈಯ ಶ್ರಮ ಕತ್ತರಿಸುವ ಕಡೆಯಿಂದ ಉಜ್ಜುವ ಕಡೆಗೆ ಸರಿದಿದೆ, ಅಷ್ಟೆ. ಪ್ರಿಂಟ್ ಮಾಡಿದ್ದನ್ನು ಕೀಳು ಎನ್ನುವ ಫೋಮ್ ಭಕ್ತರ ಜೊತೆ ನಾನಿಲ್ಲ. ಪೆಟ್ಟಿಗೆ ಒಡೆದು ತೊಟ್ಟುಕೊಳ್ಳುವ ಸಿದ್ಧ ಕವಚದ ಬಗ್ಗೆ ಮಾತ್ರ ನನಗೆ ಹೇಳಲು ಏನೂ ಇಲ್ಲ. ಅದು ಖರೀದಿ.

ಬೆಂಗಳೂರಿನಲ್ಲಿ 2012ರಿಂದ ಕಾಮಿಕ್ ಕಾನ್ ಎಂಬ ಅಭಿಮಾನಿಗಳ ಮೇಳ ನಡೆಯುತ್ತಿದೆ. ನಮ್ಮ ಹುಡುಗ ಈ ಸಲ ಪೂರ್ತಿ ಕವಚ ತೊಟ್ಟು ಹೋದ, ನಾನು ಅವನ ನೀರಿನ ಬಾಟಲಿ, ಸೊಲ್ಯೂಷನ್ ಟ್ಯೂಬು, ಬಿಡಿ ಎಲಾಸ್ಟಿಕ್ ಹಿಡಿದು ಹಿಂದೆ ಹೋದೆ. ಹತ್ತು ಹೆಜ್ಜೆಗೊಬ್ಬರು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಎರಡು ಗಂಟೆಯ ಹೊತ್ತಿಗೆ ಒಂದು ಭುಜದ ತಟ್ಟೆ ಕಿತ್ತುಬಂತು, ಗೋಡೆಯ ಮರೆಗೆ ಹೋಗಿ ಅಂಟಿಸಿದೆವು. ಫೋಟೋ ಕೇಳಿದವರಲ್ಲಿ ‘ಎಷ್ಟಾಯ್ತು, ಎಲ್ಲಿ ತಗೊಂಡ್ರಿ’ ಎಂದವರೇ ಬಹಳ. ಹೇಗೆ ಮಾಡಿದೆ ಎಂದು ಕೇಳಿದ್ದು ಒಬ್ಬಳೇ, ಹತ್ತು ಹನ್ನೊಂದರ ಹುಡುಗಿ. ಅವಳು ಹೆಲ್ಮೆಟ್ಟನ್ನು ಸುತ್ತ ನೋಡಿ, “ಅಣ್ಣ, ಈ ಕಡೆ ಸ್ವಲ್ಪ ಕೆಳಗೆ ಬಂದಿದೆ” ಅಂದಳು. ಒಳಗಿನಿಂದ ಏನೋ ಉತ್ತರ ಬಂತು, ಫ್ಯಾನಿನ ಸದ್ದಿಗೆ ನಮಗ್ಯಾರಿಗೂ ಕೇಳಿಸಲಿಲ್ಲ.

ಮುಂದಿನ ಸಲ ನೀವು ಹೋದಾಗ ಇಂಥವನೊಬ್ಬ ಸಿಕ್ಕರೆ ಸೆಲ್ಫಿ ತೆಗೆಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ನೀರು ಬೇಕೇ ಎಂದು ಕೇಳಿ. ಸ್ಟ್ರಾ ಇದ್ದರೆ ಒಳ್ಳೆಯದು.